ಎರಡು ಹೊತ್ತಿನ ಸೋಡಾ

ಅವಳ ಹತ್ತಿರ ಮಾವನ ಮನೆಯ ಕೀಲಿ ಇರಲಿಲ್ಲ.

ಎದುರುಮನೆಯವನ ಹತ್ತಿರ ಇತ್ತು. ಅದು ಅವಳಿಗೆ ಗೊತ್ತಾದದ್ದು, ಬೀಗ ಬಿದ್ದಿರಬೇಕಾದ ಬಾಗಿಲು ಅರ್ಧ ತೆರೆದಿರುವುದನ್ನು ಕಂಡ ಮೇಲೆ. ಬ್ಯಾಗುಗಳನ್ನು ಮೆಟ್ಟಿಲ ಮೇಲೇ ಬಿಟ್ಟಳು. ಗೋಡೆಗೆ ಒರಗಿಸಿದ್ದ ನೆಲ ಒರೆಸುವ ಕೋಲನ್ನು ಎರಡೂ ಕೈಯಲ್ಲಿ ಹಿಡಿದು ಒಳಗೆ ಹೋದಳು.

ಹಾಲ್‌ನಲ್ಲಿ ಒಬ್ಬ ಗಂಡಸು ಸ್ಟೂಲ್ ಹತ್ತಿ ನಿಂತಿದ್ದ. ಗೋಡೆಯುದ್ದಕ್ಕೂ ಇದ್ದ ಗಾಜಿನ ತೊಟ್ಟಿಯೊಳಗೆ ಭುಜದವರೆಗೂ ಕೈ ಇಳಿಸಿದ್ದ.

"ಏಯ್! ಕೈ ಮೇಲೆತ್ತು!"

"ಒಂದೇ ಎತ್ತೋಕಾಗೋದು," ಅವನು ತಿರುಗಲೂ ಇಲ್ಲ. "ಇನ್ನೊಂದರಲ್ಲಿ ಹವಳ ಇದೆ."

"ಯಾರು ನೀನು? ನಮ್ಮ ಮಾವನ ಮನೆಯಲ್ಲಿ ಏನು ಮಾಡ್ತಿದ್ದೀಯ?"

ಅವನು ನಿಧಾನವಾಗಿ ಕೈ ತೆಗೆದ. ನೀರು ಮೊಣಕೈಯಿಂದ ತೊಟ್ಟಿಕ್ಕಿತು. ಸ್ಟೂಲ್‌ನಿಂದ ಇಳಿದು ಅವಳನ್ನೂ ಅವಳ ಕೋಲನ್ನೂ ನೋಡಿದ. ಅವನ ಮೈಯಿಂದ ಕ್ಲೋರಿನ್ ವಾಸನೆ ಬರುತ್ತಿತ್ತು. ಆಸ್ಪತ್ರೆಯ ವಾಸನೆಯಲ್ಲ, ಈಜುಕೊಳದ್ದು.

"ಓ... ಅಂಕಲ್ ಅಕ್ಕನ ಮಗಳು! ಬೇಕರಿಯವರು. ದಾರಿ ಇನ್ನೂ ಜ್ಞಾಪಕ ಇತ್ತಾ?"

ಅವಳಿಗೆ ಮೈ ಉರಿಯಿತು.

"ಇದು ನನ್ನ ಮಾವನ ಮನೆ. ನಿಮಗ್ಯಾಕೆ ಲೆಕ್ಕ ಕೊಡಬೇಕು?"

"ಕೊಡಬೇಡಿ. ಕೋಲು ಕೆಳಗಿಡಿ. ಗಾಜಿಗೆ ತಾಗಿದರೆ ಈ ಮನೆಯೆಲ್ಲ ಸಮುದ್ರ ಆಗುತ್ತೆ."

ಅವನು ಜೇಬಿನಿಂದ ಕೀಲಿ ತೆಗೆದು ಮೇಜಿನ ಮೇಲಿಟ್ಟ. ಕೀಲಿಗೆ ಒಂದು ಕೆಂಪು ಕೋಟಿನ ಗುಂಡಿ ಕಟ್ಟಿತ್ತು. ಅದು ಅವಳದೇ ಕೀಲಿ! ಅತ್ತೆಯ ಜೊತೆ ಜಗಳವಾಡಿ ಮನೆ ಬಿಟ್ಟ ದಿನ ಇದೇ ಮೇಜಿನ ಮೇಲೆ ಎಸೆದು ಹೋಗಿದ್ದು.

"ಇದು ನಿಮ್ಮ ಹತ್ತಿರ ಹೇಗೆ ಬಂತು?"

"ಆಂಟಿ ಕೊಟ್ಟರು. ಉಪಯೋಗಿಸೋರು ಯಾರೂ ಇಲ್ಲ, ನೀನಾದರೂ ಇಟ್ಕೋ ಅಂದರು." ಅವನ ದನಿ ತಣ್ಣಗಿತ್ತು. "ಆಂಟಿ ಹೋದಾಗ ಊರಿಗೆ ಊರೇ ಬಂದಿತ್ತು. ನೀವು ಬರಲಿಲ್ಲ. ಈಗ ಅಂಕಲ್ ಎದೆ ಕೊಯ್ಸಿಕೊಳ್ತಾರೆ ಅಂದ ತಕ್ಷಣ ಬ್ಯಾಗ್ ಸಮೇತ ಹಾಜರು!"

"ಹೊರಗೆ ನಡೀರಿ."

"ಹೋಗ್ತೀನಿ. ಬೆಳಿಗ್ಗೆ ಬರ್ತೀನಿ. ತೊಟ್ಟಿ ಕೆಲಸ ಅಂಕಲ್ ನನಗೆ ಹೇಳಿದಾರೆ." ಕೀಲಿಯನ್ನು ಮತ್ತೆ ಎತ್ತಿ ಜೇಬಿಗೆ ಹಾಕಿಕೊಂಡ. "ನಿಮಗೆ ಅಂಕಲ್ಲೇ ಇನ್ನೊಂದು ಕೊಡಲಿ."

ಹಾಲ್‌ನ ಕಿಟಕಿಯ ಆಚೆ ಒಂದು ಸಣ್ಣ ಓಣಿ. ಓಣಿಯ ಆಚೆಗೆ ಅವನ ಬಾಲ್ಕನಿ. ಈಚೆಯಿಂದ ಒಬ್ಬರು, ಆಚೆಯಿಂದ ಒಬ್ಬರು ಕೈ ಚಾಚಿದರೆ ತಟ್ಟೆ ದಾಟಿಸಬಹುದಾದಷ್ಟೇ ದೂರ. ಸ್ವಲ್ಪ ಹೊತ್ತಿಗೆ ಅವನು ಅಲ್ಲಿ ಕಾಣಿಸಿಕೊಂಡ.

"ಮೀನಿಗೆ ಚಿಟಿಕೆ ಊಟ ಸಾಕು! ನಿಮ್ಮ ಬ್ರೆಡ್ ಪುಡಿ ಹಾಕಬೇಡಿ!"

ಅವಳು ಕಿಟಕಿಯ ಎರಡೂ ಬಾಗಿಲನ್ನು ದಢಾರನೆ ಎಳೆದು ಚಿಲಕ ಹಾಕಿದಳು. ಉಪ್ಪುಗಾಳಿಗೆ ತುಕ್ಕು ಹಿಡಿದ ಚಿಲಕ. ಕೀರಲು ಸದ್ದು ಮಾಡುತ್ತಾ ಹೋಗಿ ಗೂಡಿನಲ್ಲಿ ಸಿಕ್ಕಿಕೊಂಡಿತು.

ಹಾಳಾಗಿ ಹೋಗು, ಕ್ಲೋರಿನ್! ಎಂದುಕೊಂಡಳು. ಆ ದಿನದಿಂದ ಅವನಿಗೆ ಅದೇ ಹೆಸರು.

*

ಮಾವ ಹಡಗಿನ ಎಂಜಿನ್ ಕೋಣೆಯಲ್ಲಿ ಆಯುಷ್ಯ ಕಳೆದವನು. ದಡಕ್ಕೆ ಬಂದ ಮೇಲೆ ಸಮುದ್ರದ ಒಂದು ತುಂಡನ್ನು ಹಾಲ್‌ನಲ್ಲಿಟ್ಟುಕೊಂಡಿದ್ದ. ಅದರೊಳಗಿನ ಹವಳ ಮಾತ್ರ ಅತ್ತೆಯದು. ಬೆರಳಿನಂಥ ಹಸಿರು ಎಳೆಗಳನ್ನು ಚಾಚಿ ನೀರಿನ ಜೊತೆ ತೂಗುವ ಐದು ತಲೆಗಳ ಹವಳ. ಅತ್ತೆ ಹೋದ ಮೇಲೂ ಆ ಮನೆಯಲ್ಲಿ ಅತ್ತೆಯದೆಂದು ಉಸಿರಾಡುತ್ತಿದ್ದದ್ದು ಅದೊಂದೇ.

ತಾಯಿ ತೀರಿಕೊಂಡ ಮೇಲೆ ಅವಳನ್ನು ಸಾಕಿದ್ದೂ ಅತ್ತೆಯೇ. ಓದು ಬಿಟ್ಟು ಬೇಕರಿ ಸೇರುತ್ತೇನೆಂದಾಗ, "ಹಿಟ್ಟು ನಾದೋಕೆ ನಿನ್ನ ಓದಿಸಿದ್ದಾ?" ಎಂದು ಕೂಗಾಡಿದ್ದೂ ಅತ್ತೆಯೇ. "ಇನ್ನು ಈ ಮನೆ ಮೆಟ್ಟಿಲು ತುಳಿಯಲ್ಲ" ಎಂದದ್ದು ಇವಳು. ಅತ್ತೆ ಬದುಕಿರುವವರೆಗೂ ತುಳಿದಿರಲಿಲ್ಲ.

ಆಪರೇಷನ್‌ಗೆ ಮುಂಚೆ ವಾರ್ಡ್‌ನಲ್ಲಿ ಮಾವ ತನ್ನ ಕೀಲಿಯನ್ನು ಅವಳ ಕೈಗಿಟ್ಟು, ಮಲಗಿಯೇ ಪಾಠ ಶುರು ಮಾಡಿದ.

"ಕೇಳು ಮೆಣಸಿನಕಾಯಿ. ಪಿಎಚ್ ಅಂದ್ರೆ ನೀರಿನ ಮೂಡು. ಬೆಳಿಗ್ಗೆ ಕೆಡುತ್ತೆ, ಸಂಜೆಗೆ ಸರಿಹೋಗುತ್ತೆ. ಮೀಟರ್‌ನಲ್ಲಿ ಕಾಣೋದು ಅದು. ಕ್ಷಾರತೆ ಅಂತ ಇನ್ನೊಂದಿದೆ, ಅದು ನೀರಿನ ಸ್ವಭಾವ. ಅದು ಮೀಟರ್‌ನಲ್ಲಿ ಕಾಣಲ್ಲ, ಹನಿ ಹಾಕಿ ನೋಡಬೇಕು. ಮೂಡು ಅಲ್ಲಾಡಿದರೆ ಪರವಾಗಿಲ್ಲ. ಸ್ವಭಾವ ಅಲ್ಲಾಡಬಾರದು..."

"ಮಾವ, ಸುಮ್ಮನಿರಿ. ನರ್ಸ್ ಬೈತಾರೆ."

"ಮೀಟರ್ ಎಂಟೂ ಕಾಲರ ಹತ್ತಿರ ಇರಲಿ. ಅಷ್ಟೇ. ಆ ಎದುರುಮನೆಯವನ ಜೊತೆ ಸೇರಿ ನೋಡ್ಕೋ. ಒಳ್ಳೆ ಹುಡುಗ."

"ಅವನಾ?"

"ನಿಮ್ಮತ್ತೆಗೆ ಅವನಂದ್ರೆ ಪ್ರಾಣ." ಮಾವ ಅವಳ ಮುಂಗೈ ಹಿಡಿದ. "ನಾನು ಬಂದಾಗ ಅವಳ ಹವಳ ನನ್ನನ್ನ ನೋಡಬೇಕು. ಇನ್ನೇನೂ ಬೇಡ ನನಗೆ."

ಅವಳು ತಲೆಯಾಡಿಸಿದಳು. ಅತ್ತೆಯ ಬಳಿ ಕೇಳಬೇಕಾಗಿದ್ದ ಕ್ಷಮೆಗೆ ಇದೊಂದೇ ದಾರಿ ಉಳಿದಿದೆ ಎಂದು ಅವಳಿಗೆ ಅನಿಸಿತು. ಅದು ಬದುಕಿದರೆ ಮಾವನ ಮುಖ ನೋಡಬಹುದು. ಸತ್ತರೆ... ಅದನ್ನು ಯೋಚಿಸಲಿಲ್ಲ. ಕ್ಷಾರತೆಯ ಮಾತೂ ಅಲ್ಲೇ ವಾರ್ಡ್‌ನಲ್ಲಿ ಉಳಿಯಿತು. ತಲೆಯಲ್ಲಿ ನಿಂತದ್ದು ಒಂದೇ: ಎಂಟೂ ಕಾಲು.

*

ಹೊತ್ತುಗಳನ್ನು ಯಾರೂ ಹಂಚಲಿಲ್ಲ. ತಾವಾಗಿಯೇ ಹಂಚಿಕೆಯಾದವು. ಅವಳು ನಸುಕಿಗೇ ಬೇಕರಿಗೆ ಹೋಗುತ್ತಿದ್ದಳು. ಅವಳು ಹೋದ ಮೇಲೆ ಅವನು ಬಂದು ತೊಟ್ಟಿ ನೋಡಿ, ತಾನು ಕೆಲಸ ಮಾಡುವ ಈಜುಕೊಳಕ್ಕೆ ಹೋಗುತ್ತಿದ್ದ. ಮಧ್ಯಾಹ್ನದ ಮೇಲೆ ಮನೆ ಅವಳದು. ಒಬ್ಬರ ಮುಖ ಒಬ್ಬರು ನೋಡುವ ಕರ್ಮ ತಪ್ಪಿತು.

ಮೊದಲ ದಿನವೇ ಅವಳು ಫ್ರಿಜ್ ತೊಳೆದಳು. ಬೆಣ್ಣೆಯ ಪಕ್ಕದಲ್ಲಿ ಸಣ್ಣ ಸಣ್ಣ ಔಷಧಿ ಬಾಟಲಿಗಳು, ಪ್ಲಾಸ್ಟಿಕ್ ಕೊಳವೆಗಳು! ತಿನ್ನುವ ವಸ್ತುವಿನ ಪಕ್ಕ ಕೆಮಿಕಲ್ಲು ಕಂಡರೆ ಬೇಕರಿಯವರ ರಕ್ತ ಕುದಿಯುತ್ತದೆ. ಎಲ್ಲವನ್ನೂ ಒಂದು ಡಬ್ಬಿಗೆ ತುಂಬಿ ಬೀರುವಿನ ಮೇಲೆ ಎಸೆದಳು.

ಮಾವನ ಹಳೇ ಗ್ಯಾಸ್ ಓವನ್ ಅವಳಿಗೆ ಇಷ್ಟವಾಯಿತು. ಬೇಕರಿಯಲ್ಲಿ ಮಾಡಬೇಕಾದ ಹೊಸ ಬ್ರೆಡ್‌ಗಳನ್ನು ಸಂಜೆಯೆಲ್ಲ ಇಲ್ಲಿ ಸುಟ್ಟು ನೋಡತೊಡಗಿದಳು. ಕಿಟಕಿ ಮುಚ್ಚಿದ ಹಾಲ್ ಬೆಚ್ಚಗಿರುತ್ತಿತ್ತು. ಸ್ವಲ್ಪ ತಲೆನೋವು ಬರುತ್ತಿತ್ತು. ಅದಕ್ಕೆ ಕಾರಣ ಕ್ಲೋರಿನ್ ಎಂದು ಅವಳ ನಂಬಿಕೆ.

ಮೀಟರ್ ಇಳಿಯತೊಡಗಿತು. ಎಂಟೂ ಕಾಲಿದ್ದದ್ದು ಎಂಟಾಯಿತು. ಎಂಟಕ್ಕೂ ಕೆಳಗೆ ಹೋಯಿತು.

ಅವನನ್ನು ಕೇಳಲೇ? ಛೇ! 'ನೋಡಿದಿರಾ, ನಿಮ್ಮ ಕೈಗೆ ಬಂದ ತಕ್ಷಣ ಇಳೀತು' ಅನ್ನುತ್ತಾನೆ. ಆ ಮೂತಿ ಸೊಟ್ಟ ಮಾಡುವುದನ್ನು ನೋಡುವ ಬದಲು...

ಅವಳಿಗೆ ತನ್ನದೇ ವಿದ್ಯೆ ಜ್ಞಾಪಕಕ್ಕೆ ಬಂತು. ಅಡುಗೆ ಸೋಡಾವನ್ನು ಓವನ್‌ನಲ್ಲಿಟ್ಟು ಹುರಿದರೆ ಅದರ ತೀವ್ರತೆ ಹೆಚ್ಚುತ್ತದೆ. ಬ್ರೆಡ್ಡಿನ ಮೇಲ್ಪದರಕ್ಕೆ ಒಳ್ಳೇ ಕಂದು ಬಣ್ಣ ಬರಲೆಂದು ಅವಳು ಬೇಕರಿಯಲ್ಲಿ ಮಾಡುತ್ತಿದ್ದ ಕೆಲಸ ಅದು. ಒಂದು ತಟ್ಟೆ ಹುರಿದಳು. ಒಂದು ಚಮಚವನ್ನು ನೀರಲ್ಲಿ ಕದಡಿ ತೊಟ್ಟಿಗೆ ಸುರಿದಳು. ಮೀಟರ್ ಸರಸರ ಏರಿತು!

ಮರುದಿನ ಮಧ್ಯಾಹ್ನಕ್ಕೆ ಮತ್ತೆ ಇಳಿದಿತ್ತು. ಮತ್ತೊಂದು ಚಮಚ. ಏರಿತು. ಇಳಿಯಿತು. ಮತ್ತೊಂದು.

ಒಂದು ಮಧ್ಯಾಹ್ನ ಅವರಿಬ್ಬರೂ ಮೆಟ್ಟಿಲಲ್ಲಿ ಎದುರಾದರು. ಅವನಿಗೆ ಅವತ್ತು ತಡವಾಗಿತ್ತು. ಅವನು ಇಳಿಯುತ್ತಿದ್ದ, ಅವಳು ಹತ್ತುತ್ತಿದ್ದಳು. ಇಬ್ಬರೂ ದಾರಿ ಬಿಡಲಿಲ್ಲ.

"ಬೇಕರಿ ಮೇಡಂ, ಒಂದು ಕೇಳಲಾ? ತೊಟ್ಟಿಗೆ ಏನಾದರೂ ಹಾಕ್ತಿದ್ದೀರಾ?"

ಗೊತ್ತಾಗಿಬಿಟ್ಟಿತೇ ಇವನಿಗೆ! ಅವಳು ಗದ್ದ ಎತ್ತಿದಳು.

"ಮೀನಿಗೆ ಊಟ ಹಾಕ್ತೀನಿ. ಇನ್ನೇನು, ಬೆಣ್ಣೆ ಸವರ್ತೀನಾ? ಯಾಕೆ? ನೀವೇನಾದರೂ ಹಾಕ್ತಿದ್ದೀರಾ?"

ಅವನು ಒಂದು ಕ್ಷಣ ಗೋಡೆ ನೋಡಿದ.

"ನಾನಾ? ಗಾಜು ಒರೆಸ್ತೀನಿ. ಅಷ್ಟೇ."

"ಚೆನ್ನಾಗಿ ಒರೆಸಿ. ನಿಮ್ಮ ಮುಖ ಅದರಲ್ಲಿ ಕಾಣೋ ಹಾಗೆ. ಆಗಲಾದರೂ ನಿಮಗೆ ನಾಚಿಕೆ ಆಗುತ್ತೆ."

"ಕಿಟಕಿ ಮುಚ್ಚಿಕೊಂಡು ಕೂತಿರೋರು ನಾಚಿಕೆ ಬಗ್ಗೆ ಮಾತಾಡಬಾರದು."

ಅವನು ಅವಳ ಭುಜ ಸವರಿಕೊಂಡೇ ಇಳಿದು ಹೋದ. ಮುಟ್ಟಿದ ಕಡೆ ಅವಳು ಕೊಡವಿಕೊಂಡಳು. ಕೊಡವಿದ ಮೇಲೂ ಅವಳ ಕೈ ಅಲ್ಲೇ ಉಳಿಯಿತು. ಅದಕ್ಕೂ ಸಿಟ್ಟು ಬಂತು.

*

ಮಾವನ ಆಪರೇಷನ್ ಸುಸೂತ್ರವಾಗಿತ್ತು. ಇನ್ನು ಹತ್ತು ದಿನಕ್ಕೆ ಮನೆಗೆ ಕಳಿಸುತ್ತೇವೆ, ತಯಾರಿರಿ ಎಂದು ಆಸ್ಪತ್ರೆಯವರು ಹೇಳಿದ ದಿನ ಅವಳು ಬೇಕರಿಯಿಂದ ಓಡುತ್ತಲೇ ಬಂದಳು. ಓವನ್ ಹಚ್ಚಿ ಮಾವನಿಗೆಂದು ಹೊಸ ಬ್ರೆಡ್ ಸುಡುತ್ತಾ, ಸಂಜೆ ಹೊತ್ತಿಗೆ ಮೀಟರ್ ನೋಡಿದಳು. ಎಂಟನ್ನು ದಾಟಿರಲಿಲ್ಲ.

ಇವತ್ತೂನಾ? ಇವತ್ತಾದರೂ ನೆಟ್ಟಗಿರಬಾರದಾ!

ಒಂದು ಚಮಚ ಕದಡಿದಳು. ಯೋಚಿಸಿ ಇನ್ನೊಂದು ಸೇರಿಸಿದಳು. ಒಮ್ಮೆಲೇ ಸುರಿದಳು.

ನೀರು ಬೆಳ್ಳಗಾಯಿತು.

ಮೊದಲು ಸುರಿದ ಜಾಗದಲ್ಲಿ ಮೋಡದ ಹಾಗೆ. ಆಮೇಲೆ ಎಲ್ಲೆಡೆ. ನೋಡನೋಡುತ್ತಾ ತೊಟ್ಟಿ ತುಂಬ ಹಾಲು! ಒಳಗಿನ ಹೀಟರ್ ಮೇಲೆ ಸುಣ್ಣ ಕಟ್ಟಿತ್ತು. ಪಂಪು ಗೊರಗೊರ ಎಂದು ನಿಂತಿತು. ಆ ಬಿಳಿಯೊಳಗಿಂದ ಏನೋ ತೇಲಿ ಗಾಜಿಗೆ ಅಂಟಿತು. ಬಗ್ಗಿ ನೋಡಿದಳು.

ಹವಳದ ಹಸಿರು ಎಳೆ. ಬುಡ ಕಳಚಿ ಬಂದದ್ದು.

ಅವಳು ಓಣಿ ದಾಟಿ, ಅವನ ಮೆಟ್ಟಿಲು ಹತ್ತಿ, ಅವನ ಬಾಗಿಲನ್ನು ಎರಡೂ ಮುಷ್ಟಿಯಲ್ಲಿ ಗುದ್ದಿದಳು.

"ಬಾ! ಬೇಗ ಬಾ... ಅತ್ತೆ ಹವಳ..."

ಅವನು ಬರಿಗಾಲಲ್ಲೇ ಓಡಿ ಬಂದ. ತೊಟ್ಟಿಯ ಮುಂದೆ ನಿಂತವನ ಮುಖ ಸುಣ್ಣವಾಯಿತು.

"ಏನು ಹಾಕಿದ್ರಿ?"

"ಸೋಡಾ."

"ಊಟ ಮಾತ್ರ ಅಂದ್ರಿ!"

"ಮೀಟರ್ ಇಳೀತಿತ್ತು! ದಿನಾ ಇಳೀತಿತ್ತು! ನಿಮ್ಮನ್ನ ಕೇಳಿದ್ದರೆ ನೀವು ಏನಂತಿದ್ರಿ ಅಂತ ಗೊತ್ತಿತ್ತು ನನಗೆ!"

"ದಿನಾನಾ? ದಿನಾ ಹಾಕಿದ್ರಾ?" ಅವನು ತಲೆ ಹಿಡಿದುಕೊಂಡ. "ಅಯ್ಯೋ ದೇವರೇ... ಇವರು ಸಂಜೆ..."

"ಇವರು ಸಂಜೆ ಅಂದ್ರೆ?"

ಅವನು ತೊಟ್ಟಿಯ ಕೆಳಗಿನ ಕಪಾಟು ತೆರೆದು, ಒರೆಸುವ ಬಟ್ಟೆಗಳ ಹಿಂದಿನಿಂದ ಒಂದು ಡಬ್ಬಿ ತೆಗೆದು ನೆಲಕ್ಕಿಟ್ಟ. ಈಜುಕೊಳದ ಸೋಡಾ ಆಶ್. ಅವಳ ಹುರಿದ ಸೋಡಾದ ಅಣ್ಣ. ತಳ ಕಾಣುತ್ತಿತ್ತು.

"ನಾನು ಬೆಳಿಗ್ಗೆ," ಎಂದ.

"ಗಾಜು ಒರೆಸ್ತೀನಿ ಅಂದ್ರಿ!" ಅವಳು ಕಿರುಚಿದಳು. "ಅಷ್ಟೇ ಅಂದ್ರಿ! ಮುಖ ನೋಡ್ಕೊಂಡು ಸುಳ್ಳು!"

"ನೀವು ಹೇಳಿದ್ದೇನು, ನಿಜಾನಾ? ನೀರು ಪರೀಕ್ಷೆ ಮಾಡೋ ಕಿಟ್ ಇದ್ದಿದ್ದರೆ ನನಗೆ ಗೊತ್ತಾಗ್ತಿತ್ತು! ಫ್ರಿಜ್‌ನಲ್ಲಿದ್ದ ಕಿಟ್ಟನ್ನ ಕಸಕ್ಕೆ ಹಾಕಿದ್ದು ಯಾರು?"

"ಕಸಕ್ಕೆ ಹಾಕಿಲ್ಲ! ಬೀರು ಮೇಲಿದೆ!"

"ಬೀರು... ಮೇಲೆ..."

"ಒಂದು ಮಾತು ಕೇಳೋಕೆ ಏನಾಗಿತ್ತು ನಿಮಗೆ?"

"ನಿಮಗೆ ಏನಾಗಿತ್ತೋ ಅದೇ!"

ಅವನು ಕುರ್ಚಿ ಹತ್ತಿ ಡಬ್ಬಿ ಇಳಿಸಿದ. ಒಂದು ಕೊಳವೆಯಲ್ಲಿ ತೊಟ್ಟಿಯ ನೀರು ತೆಗೆದುಕೊಂಡು ಬಾಟಲಿಯಿಂದ ಹನಿ ಹನಿಯಾಗಿ ಹಾಕತೊಡಗಿದ. ನೀಲಿ ಬಣ್ಣ ಎಂಟನೇ ಹನಿಗೆ ಹಳದಿಗೆ ತಿರುಗಬೇಕಿತ್ತು. ಹದಿನಾರಾದರೂ ನೀಲಿಯೇ ಇತ್ತು. ಕ್ಷಾರತೆ ಇರಬೇಕಾದ್ದರ ಎರಡರಷ್ಟಾಗಿತ್ತು.

"ಸ್ವಭಾವ ಅಲ್ಲಾಡಬಾರದು..." ಅವಳ ಬಾಯಿಂದ ತಾನಾಗಿ ಬಂತು. "ಮಾವ ಹೇಳಿದ್ರು. ಮೂಡು ಪರವಾಗಿಲ್ಲ, ಸ್ವಭಾವ ಅಲ್ಲಾಡಬಾರದು ಅಂತ. ನಾನು ಕಿವಿಗೇ ಹಾಕ್ಕೊಳ್ಳಲಿಲ್ಲ."

"ನನಗೂ ಹೇಳಿದ್ರು. ನಾನು ಪೂಲ್‌ನವನು, ನನಗೆ ನೀರಿನ ಪಾಠನಾ ಅಂದ್ಕೊಂಡೆ. ಕೊಳದಲ್ಲಿ ಎರಡೂ ಜೊತೆಗೇ ಇಳಿಯೋದು. ಪಿಎಚ್ ಇಳಿದರೆ ಕ್ಷಾರತೇನೂ ಇಳಿದಿದೆ ಅಂತಾನೇ ಲೆಕ್ಕ. ಸೋಡಾ ಹಾಕು, ಮುಗೀತು." ಅವನು ನೆಲದ ಮೇಲೆ ಕೂತ. "ಆದರೆ ಇಷ್ಟು ಸುರಿದರೂ ಮೀಟರ್ ಯಾಕೆ ಏರಿ ನಿಲ್ಲಲಿಲ್ಲ? ಅದೇ ಅರ್ಥ ಆಗ್ತಿಲ್ಲ. ಏನೋ ಕೆಳಗೆ ಎಳೀತಿದೆ."

ಅವಳು ಹಣೆ ಒತ್ತಿಕೊಂಡಳು. ಅದೇ ತಲೆನೋವು. ಬೇಕರಿಯಲ್ಲೂ ಹೀಗೇ ಆಗುವ ಒಂದು ಜಾಗವಿದೆ. ಹಿಟ್ಟು ಉಬ್ಬಲು ಇಡುವ ಸಣ್ಣ ಕೋಣೆ. ಬಾಗಿಲು ಮುಚ್ಚಿಕೊಂಡು ಹೆಚ್ಚು ಹೊತ್ತು ನಿಂತರೆ ಉಸಿರು ಕಟ್ಟುತ್ತದೆ, ಹಿಟ್ಟು ಬಿಟ್ಟ ಗಾಳಿ ತುಂಬಿಕೊಂಡಿರುತ್ತದೆ...

"ಗಾಳಿ," ಎಂದಳು.

"ಏನು?"

"ಈ ಕೋಣೆ ಗಾಳಿ ಕೆಟ್ಟಿದೆ. ಓವನ್ ಉರೀತಿದೆ. ಕಿಟಕಿ ಮುಚ್ಚಿದೆ. ನನಗೇ ತಲೆ ಸಿಡೀತಿದೆ. ನೀರೂ ಇದೇ ಗಾಳೀನೇ ಕುಡೀತಿರೋದಲ್ಲವಾ?"

ಅವನು ಅವಳನ್ನೇ ನೋಡಿದ. ಎದ್ದು ಒಂದು ಲೋಟ ತೊಟ್ಟಿಯ ನೀರು ತುಂಬಿ, ಬ್ಯಾಟರಿಯ ಸಣ್ಣ ಗಾಳಿ ಪಂಪನ್ನೂ ಮೀಟರನ್ನೂ ಎತ್ತಿಕೊಂಡು ತಾರಸಿಗೆ ಓಡಿದ. ಅವಳೂ ಹಿಂದೆಯೇ ಓಡಿದಳು. ಬಯಲಲ್ಲಿ ಲೋಟ ಇಟ್ಟು ನೀರಿಗೆ ಗುಳ್ಳೆ ಹಾಯಿಸಿದರು. ಇಬ್ಬರೂ ಮಂಡಿಯೂರಿ ಲೋಟ ಕಾದರು.

ಮೀಟರ್ ಏರಿತು. ಎಂಟು ದಾಟಿತು. ಎಂಟೂ ಕಾಲು ದಾಟಿತು. ಇನ್ನೂ ಏರುತ್ತಿತ್ತು. ಯಾರೂ ಏನೂ ಹಾಕಿರಲಿಲ್ಲ.

"ನನ್ನ ಕೊಳದ ಮೇಲೆ ಆಕಾಶ ಇದೆ," ಅವನು ಮೆಲ್ಲಗೆ ಹೇಳಿದ. "ಕೆಟ್ಟ ಗಾಳಿ ಸೇರಿದರೆ ನೀರು ಹುಳಿಯಾಗಿ ಮೀಟರ್ ಇಳಿಯುತ್ತೆ ಅಂತ ನಾನು ಯಾವತ್ತೂ ಯೋಚಿಸಿಲ್ಲ."

"ಕಿಟಕಿ ಮುಚ್ಚಿದ್ದು ನಾನು."

"ದಿನಾ ಬೆಳಿಗ್ಗೆ ಅದರ ಮುಂದೆ ನಿಲ್ತಿದ್ದೆ. ತೆಗೀಬಹುದಿತ್ತು. ಮನೆಯವರೇ ಮುಖದ ಮೇಲೆ ಮುಚ್ಚಿದ್ದಾರೆ, ಹೊರಗಿನವನು ನಾನ್ಯಾಕೆ ತೆಗೀಲಿ ಅಂತ ಬಿಟ್ಟೆ."

ಕೆಳಗೆ ಬಂದು ಓವನ್ ಆರಿಸಿದರು. ಚಿಲಕ ಜಗ್ಗಲಿಲ್ಲ. ಅವನು ಎಳೆದ. ಅವಳು ಎಳೆದಳು. ಕೊನೆಗೆ ಇಬ್ಬರೂ ಒಟ್ಟಿಗೆ ಎಳೆದಾಗ ಅದು ಮುರಿದೇ ಕೈಗೆ ಬಂತು. ಗಾಳಿ ಒಳಗೆ ನುಗ್ಗಿತು.

*

"ಈಗ ಏನು ಹಾಕೋದು?" ಅವಳು ಕೇಳಿದಳು.

"ಏನೂ ಇಲ್ಲ."

"ಏನೂ ಇಲ್ಲ ಅಂದ್ರೆ?"

"ಹೊಸ ಉಪ್ಪುನೀರು ಕಲಸಿ, ದಿನಕ್ಕೊಂದು ಬಕೆಟ್ ಬದಲಾಯಿಸೋದು. ಕ್ಷಾರತೆ ತಾನಾಗಿ ಇಳೀಬೇಕು, ನಿಧಾನಕ್ಕೆ. ಹುಳಿ ಹಾಕಿ ಇಳಿಸ್ತೀನಿ ಅಂತ ಹೊರಟರೆ ಉಳಿದಿರೋದೂ ಸಾಯುತ್ತೆ. ಸುಮ್ಮನೆ ಕೂತು ನೋಡಬೇಕು. ಕೈ ಕಟ್ಟಿಕೊಂಡು."

ಇಬ್ಬರಿಗೂ ಬಾರದ ವಿದ್ಯೆ ಅದು. ಒಬ್ಬರ ಕೈ ಒಬ್ಬರು ಕಾಯಲು ಇನ್ನು ಒಟ್ಟಿಗೇ ಬರುವುದು ಎಂದಾಯಿತು. ಅವನು ಕೆಲಸದ ಪಾಳಿ ಬದಲಾಯಿಸಿಕೊಂಡ. ಮಧ್ಯಾಹ್ನ ಬರುತ್ತಿದ್ದ. ಬಕೆಟ್ ಹೊರುತ್ತಿದ್ದರು, ಬೈದುಕೊಳ್ಳುತ್ತಿದ್ದರು.

"ಉಪ್ಪು ಸರಿಯಾಗಿ ಕಲಸಿ. ಹಿಟ್ಟಲ್ಲ ಅದು."

"ಗೊತ್ತು. ನಿಮ್ಮ ಬಾಯಿಗೊಂದಿಷ್ಟು ಹಾಕಲಾ?"

ತೊಟ್ಟಿಯಲ್ಲಿದ್ದ ಸಿಗಡಿ, ಬಸವನಹುಳುಗಳು ಸತ್ತಿದ್ದವು. ಕಿತ್ತಳೆ ಪಟ್ಟೆಯ ಮೀನಿನ ಜೋಡಿ ಬದುಕಿತ್ತು. ದೊಡ್ಡದು ಚಿಕ್ಕದನ್ನು ಮೂಲೆಗೆ ಅಟ್ಟುತ್ತಲೇ ಇರುತ್ತಿತ್ತು.

"ಪಾಪ, ಹೆಂಡತಿಗೆ ಎಷ್ಟು ಹೊಡೀತಾನೆ!"

"ದೊಡ್ಡದೇ ಹೆಂಡತಿ."

"...ಹಾಗಾದರೆ ಸರಿ."

ಅವನು ನಕ್ಕ. ಅವನು ನಗುವುದನ್ನು ಅವಳು ನೋಡಿದ್ದು ಅದೇ ಮೊದಲು. ತಕ್ಷಣ ಬಕೆಟ್ ಕಡೆ ತಿರುಗಿದಳು.

ಹವಳದ ಒಂದೊಂದೇ ತಲೆ ಸಾಯುತ್ತಿತ್ತು. ಎಳೆಗಳು ಉದುರಿ ಒಳಗಿನ ಬಿಳಿ ಎಲುಬು ಕಾಣುತ್ತಿತ್ತು. ಮೂರನೆಯದು ಹೋದ ದಿನ ಅವಳಿಗೆ ತಡೆಯಲಾಗಲಿಲ್ಲ. ನೆಲದ ಮೇಲೆ ಕುಸಿದು, ಒದ್ದೆ ಟವೆಲ್‌ನಲ್ಲಿ ಮುಖ ಮುಚ್ಚಿಕೊಂಡಳು.

"ನಾನು ಬಂದಿದ್ದೆ," ಟವೆಲ್‌ನೊಳಗಿಂದಲೇ ಹೇಳಿದಳು. "ಅತ್ತೆ ಹೋದಾಗ. ಸ್ಮಶಾನದ ಗೇಟ್ ಹತ್ತಿರ ನಿಂತಿದ್ದೆ. ಒಳಗೆ ಬರೋಕೆ ಮುಖ ಇರಲಿಲ್ಲ. ನೀವು ಹೇಳಿದ್ದು ಸುಳ್ಳು."

ಅವನು ಕೈಯಲ್ಲಿದ್ದ ಬಕೆಟ್ ಕೆಳಗಿಟ್ಟ.

"ಬಿಳಿ ಶೂ," ಎಂದ. "ಒಬ್ಬಳು ಹೆಂಗಸು ನಿಂತಿದ್ದಳು, ಶೂ ತುಂಬ ಬಿಳಿ ಪುಡಿ. ಸುಣ್ಣ ಹೊಡೆಯೋ ಕೆಲಸದವಳು ಅಂದ್ಕೊಂಡೆ."

"ಹಿಟ್ಟು. ಕೆಲಸದಿಂದ ಹಾಗೇ ಓಡಿ ಬಂದಿದ್ದೆ."

"ತಪ್ಪಾಯ್ತು."

ಅವಳು ಟವೆಲ್ ತೆಗೆದು ನೋಡಿದಳು. ವ್ಯಂಗ್ಯ ಇರಲಿಲ್ಲ.

"ನಮ್ಮಮ್ಮ ಹೋದ ಮೇಲೆ ನಾನು ಆಚೆ ಮನೆಯಲ್ಲಿ ಊಟ ಮಾಡದೇ ಬಿದ್ಕೊಂಡಿರ್ತಿದ್ದೆ," ಅವನು ಕಿಟಕಿ ತೋರಿಸಿದ. "ಆಂಟಿ ಇಲ್ಲಿಂದಾನೇ ತಟ್ಟೆ ಚಾಚೋರು. ತಗೊಳ್ಳದೇ ಇದ್ದರೆ ಕೈ ನೋಯುತ್ತೆ, ಬೀಳಿಸ್ತೀನಿ ನೋಡು ಅನ್ನೋರು. ಆ ಕಿಟಕಿ ಒಂದು ದಿನಾನೂ ಮುಚ್ಚಿರಲಿಲ್ಲ. ನೀವು ಬಂದ ದಿನವೇ..."

"ಮೊದಲೇ ಹೇಳೋದಲ್ಲವಾ?"

"ಹೇಳೋ ಹಾಗೆ ಇದ್ರಾ ನೀವು? ಕೋಲು ಹಿಡ್ಕೊಂಡು!"

ಅವಳಿಗೆ ಅಳುವಿನ ಮಧ್ಯೆಯೇ ನಗು ಬಂತು. ಅದನ್ನು ಟವೆಲ್‌ನಲ್ಲಿ ಮುಚ್ಚಿಡಲಾಗಲಿಲ್ಲ.

*

ಮಾವ ಬಂದ. ಮಾವನ ಒಂದು ತೋಳು ಇವಳ ಹೆಗಲ ಮೇಲೆ, ಇನ್ನೊಂದು ಎದುರುಮನೆಯವನ ಹೆಗಲ ಮೇಲೆ. ಕುರ್ಚಿಯಲ್ಲಿ ಕೂರಿಸುವ ಮುಂಚೆಯೇ ತೊಟ್ಟಿ ನೋಡಿದ. ಎದೆಯ ಹೊಲಿಗೆ ಹಿಡಿದುಕೊಂಡು ನಿಂತ.

"ಯಾರು?"

"ನಾನು," ಇಬ್ಬರೂ ಒಟ್ಟಿಗೆ ಹೇಳಿದರು.

ಹೇಳಬೇಕಾದದ್ದೆಲ್ಲ ಹೇಳಿದರು. ಎರಡು ಹೊತ್ತಿನ ಸೋಡಾ, ಮೆಟ್ಟಿಲ ಮೇಲಿನ ಎರಡು ಸುಳ್ಳು, ಬೀರುವಿನ ಮೇಲಿನ ಡಬ್ಬಿ, ಕಿಟಕಿ. ಮಾವನ ಮುಖ ಕಲ್ಲಾಯಿತು.

"ಸೇರಿ ನೋಡ್ಕೊಳ್ಳಿ ಅಂದೆ. ಒಂದು ಮಾತು ಹೇಳಿದ್ದೆ ನಾನು! ಇಷ್ಟು ದೊಡ್ಡ ಕತ್ತೆಗಳಾಗಿ... ನನ್ನ ಎದೆ ಕೊಯ್ದವರು ನಿಮ್ಮಿಬ್ಬರ ತಲೆ ಕೊಯ್ದು ಒಳಗೇನಿದೆ ಅಂತ ನೋಡಬೇಕಿತ್ತು! ಇದು ಅವಳದು ಅಂತ ಗೊತ್ತಿತ್ತಲ್ಲವೇನೇ ನಿನಗೆ?"

"ಗೊತ್ತಿತ್ತು ಮಾವ."

"ಹೋಗಿ. ಇಬ್ಬರೂ ಕಣ್ಣೆದುರು ನಿಲ್ಲಬೇಡಿ."

ಅವಳು ಕದಲಲಿಲ್ಲ. ಮೊದಲಾಗಿದ್ದರೆ ಏನನ್ನಾದರೂ ಎಸೆದು ಹೋಗುತ್ತಿದ್ದಳು. ಈ ಸಲ ಕಾಲು ನೆಲಕ್ಕಂಟಿಸಿ ನಿಂತಳು.

"ಹೋಗಲ್ಲ. ಒಂದು ಸಲ ಹೋಗಿದ್ದಕ್ಕೆ ಆಗಿದ್ದು ಸಾಕು. ಬೈಯಿರಿ, ನಿಂತು ಬೈಸ್ಕೋತೀನಿ."

ಮಾವ ಬೈಯಲಿಲ್ಲ. ಕುರ್ಚಿಯನ್ನು ಗಾಜಿನ ಹತ್ತಿರಕ್ಕೆ ಎಳೆಯಲು ಹೇಳಿದ. ಮೂಗು ತಾಗುವಷ್ಟು ಹತ್ತಿರ ಕೂತ. ಉಳಿದ ಎರಡು ತಲೆಗಳ ಹಸಿರು ಎಳೆಗಳು ನೀರಿನ ಜೊತೆ ತೂಗುತ್ತಿದ್ದವು.

"ಎರಡೇ ಇದ್ದವು," ಗಾಜಿನ ಮೇಲೆ ಬೆರಳಿಟ್ಟು ಹೇಳಿದ. "ಅವಳು ತಂದಾಗ. ಬಕೆಟ್‌ನಲ್ಲಿಟ್ಟು, ಮಡಿಲಲ್ಲಿಟ್ಟುಕೊಂಡು ತಂದಳು. ಎರಡೇ ತಲೆ." ಕಣ್ಣು ಒರೆಸಿಕೊಂಡ. "ಏ ಮೆಣಸಿನಕಾಯಿ. ಟೀ ಇಡು. ನೀನೂ ಕೂತ್ಕೊಳ್ಳೋ, ಕಂಬದ ಹಾಗೆ ನಿಂತಿದ್ದೀಯ."

*

ಮಾವ ಮಲಗಿದ ಮೇಲೆ ಅವಳು ಕಿಟಕಿಗೆ ಬಂದಳು. ಓಣಿಯ ಮೇಲೆ ಇನ್ನೂ ಬಿಸಿಲಿತ್ತು. ಅವನು ಆಚೆಯ ಬಾಲ್ಕನಿಯಲ್ಲಿ ನಿಂತಿದ್ದ. ಅವಳು ತಟ್ಟೆ ಚಾಚಿದಳು. ಬಿಸಿ ಬ್ರೆಡ್ಡು, ಬೆಣ್ಣೆ.

"ತಗೋ. ಕೈ ನೋಯುತ್ತೆ. ಬೀಳಿಸ್ತೀನಿ ನೋಡು."

ಅವನು ತಟ್ಟೆ ತೆಗೆದುಕೊಂಡ. ಜೇಬಿನಿಂದ ಕೆಂಪು ಗುಂಡಿಯ ಕೀಲಿ ತೆಗೆದು, ಅವಳ ಕೈಗಿಡಲು ಚಾಚಿದ.

"ನಿಂದು."

"ಇರಲಿ ನಿನ್ನ ಹತ್ತಿರಾನೇ."

"ನಿನಗೆ?"

"ಒಂದೇ ಕೀಲಿ ಇಬ್ಬರಿಗೂ ಸಾಲಲ್ಲವಾ?"

"ಬಾಗಿಲು ಒಂದೇ ಆದರೆ ಸಾಲುತ್ತೆ," ಅವನು ಹೇಳಿದ. ಹೇಳಿ ಕಿವಿಯವರೆಗೂ ಕೆಂಪಾದ. "ಅಂದ್ರೆ... ನಾನು ಹೇಳಿದ್ದು..."

"ಅರ್ಥ ಆಯ್ತು, ಕ್ಲೋರಿನ್."

"ಕ್ಲೋರಿನ್ನಾ? ನನ್ನ ಹೆಸರಾ ಅದು?"

"ಮೊದಲ ದಿನದಿಂದ. ಇಷ್ಟ ಇಲ್ಲವಾ?"

"ನೀನು ಕರೆಯೋದಾದರೆ..."

"ಬ್ರೆಡ್ ತಿನ್ನು. ಆರಿಹೋಗುತ್ತೆ."

ಅವನು ತಿಂದ. ಅವಳು ಚಾಚಿದ ಕೈಯನ್ನು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ಅವನು ತಟ್ಟೆ ಕೆಳಗಿಟ್ಟು ಆ ಕೈ ಹಿಡಿದುಕೊಂಡ.

ಹೋದದ್ದು ಇಷ್ಟು: ಅತ್ತೆಯ ಹವಳದ ಮೂರು ತಲೆ, ಒಂದು ಸಿಗಡಿ, ಏಳು ಬಸವನಹುಳು, ಒಂದು ಪಂಪು, ಒಂದು ಚಿಲಕ.